ಕುಕ್ಕರ್ ರಿಂಗ್ ಅಲ್ರೀ, ಗರ್ಭಕೋಶದ ರಿಂಗ್!

ಮಾನ್ಯರೇ,

ನಮ್ಮ ಬಡಾವಣೆಯ ಉಚಿತ ತಪಾಸಣಾ ಶಿಬಿರ ‘ಯಶಸ್ವಿ’ ಎಂದು ಭಾನುವಾರ ಬರೆದಿದ್ದೀರಿ. ಹಾರ ಹಾಕಿಸಿಕೊಂಡವರ ಫೋಟೊ ಚೆನ್ನಾಗಿ ಬಂದಿದೆ. ಅವರ ಬೆನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೆರಗು ಮುಖಕ್ಕೆ ಹಿಡಿದು ಕೂತವಳು ನಮ್ಮವ್ವ. ಬೆಳಗಿನ 9ರಿಂದ ಮಧ್ಯಾಹ್ನ 2ರ ತನಕ ಕೂತಿದ್ದಳು. ಭಾಷಣ ಮುಗಿಯಬೇಕಲ್ಲ!

ಅವಳಿಗೆ ಗರ್ಭಕೋಶ ಜಾರಿದೆ. ವಯಸ್ಸು 68, ಹೆರಿಗೆ ಆರು, ಮೇಲೆ ಹೃದಯಕ್ಕೆ ಸ್ಟೆಂಟ್. ಸರದಿ ಬಂದಾಗ ಶಿಬಿರದ ಡಾಕ್ಟರು ಫೈಲು ಬಿಚ್ಚಿಯೂ ನೋಡದೆ, ‘ಇನ್ನ ಅದನ್ನ ಇಟ್ಕೊಂಡು ಏನ್ ಮಾಡ್ತೀಬೇ, ತೆಗಿಸಿ ಒಗಿ’ ಎಂದರು. ಅರಿವಳಿಕೆ ಕೊಡುವುದು ಅಪಾಯವೆಂದು ಹೃದಯದ ಡಾಕ್ಟರು ಬರೆದ ಚೀಟಿ ಅದೇ ಫೈಲಿನಲ್ಲಿತ್ತು. ‘ಆಪರೇಷನ್ ಬ್ಯಾಡ, ಜಾರಿದ್ದನ್ನ ಒಳಗಿಂದ ಎತ್ತಿ ಹಿಡಿಯೋ ರಿಂಗ್ ಹಾಕಬಹುದಲ್ರೀ?’ ಎಂದೆ. ‘ಯಾವ ರಿಂಗ್, ಕುಕ್ಕರಿಂದಾ?’ ಎಂದು ನಕ್ಕರು. ಅವ್ವ ಆ ದಿನ ಊಟ ಮಾಡಲಿಲ್ಲ.

ನಾಲ್ಕು ಮೆಡಿಕಲ್ ಅಂಗಡಿ ತಿರುಗಿದೆ. ಕೊನೆಯವನು ಗಿರಾಕಿಗಳೆದುರೇ ‘ಸೈಜ್ ಎಷ್ಟ್ರೀ?’ ಎಂದು ಕೂಗಿದ. ಸೈಜು ನೋಡಿ ಹೇಳುವವರು ಇದ್ದಿದ್ದರೆ ಬಿಸಿಲಲ್ಲಿ ಯಾಕೆ ಅಲೆಯುತ್ತಿದ್ದೆ?

ನಿನ್ನೆ ರಜೆ ಹಾಕಿ ಸೊಲ್ಲಾಪುರಕ್ಕೆ ಕರೆದೊಯ್ದೆ. ಅಲ್ಲಿಯ ಡಾಕ್ಟರಮ್ಮ ಎರಡು ಮೂರು ಅಳತೆ ಹಾಕಿ ನೋಡಿದರು. ಕೆಮ್ಮಿಸಿ, ನಡೆದಾಡಿಸಿ, ಮೂತ್ರಕ್ಕೆ ಕಳಿಸಿ, ಜಾರುವುದಿಲ್ಲವೆಂದು ಖಾತ್ರಿಯಾದ ಮೇಲೆ 70 ಮಿಲಿಮೀಟರಿನ ಸಿಲಿಕಾನ್ ರಿಂಗ್ ಕೂರಿಸಿದರು. ಕತ್ತರಿಯಿಲ್ಲ, ಹೊಲಿಗೆಯಿಲ್ಲ. (ನೋಡಲು ಕುಕ್ಕರಿನ ರಬ್ಬರಿನಂತೆಯೇ ಇದೆ, ಅದು ಬೇರೆ ಮಾತು.) ತೆಗೆದು ತೊಳೆದು ಮತ್ತೆ ಹಾಕಬೇಕು, ಮೂರು ತಿಂಗಳಿಗೆ ತೋರಿಸಬೇಕು, ಒಳಗೇ ಮರೆತರೆ ಹುಣ್ಣಾಗುತ್ತದೆ. ಎಲ್ಲರಿಗೂ ಕೂರುವುದಿಲ್ಲವಂತೆ. ಸರಿ, ಕೂರುತ್ತದೋ ಇಲ್ಲವೋ ನೋಡಲಿಕ್ಕಾದರೂ ಶಿಬಿರದವರ ಪೆಟ್ಟಿಗೆಯಲ್ಲಿ ನಾಲ್ಕು ರಿಂಗ್ ಬೇಡವೇ? ಹಾರಕ್ಕೆ ದುಡ್ಡಿತ್ತು.

‘ಭಾರ ಎತ್ತಬೇಡಿ’ ಎಂದೂ ಹೇಳಿದ್ದಾರೆ. ಎತ್ತದೆ? ನಮ್ಮ ಓಣಿಗೆ ನೀರು ಎಂಟು ದಿನಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕೆ. ಹೆಸರಿಗೆ ಜಲನಗರ! ನೀರು ಬಿಡುವ ಸಾಹೇಬರ ಫೋನು ಹೋದ ದೀಪಾವಳಿಯಿಂದ ಸ್ವಿಚ್ ಆಫ್. ಅಗೆದು ಬಿಟ್ಟ ರಸ್ತೆಯಲ್ಲಿ ಆಟೊ ಅವ್ವನನ್ನು ಎತ್ತಿ ಎತ್ತಿ ಒಗೆಯಿತು, ರಿಂಗ್ ನಿಂತದ್ದೇ ಪುಣ್ಯ.

ರಿಂಗ್ ತರಿಸಿ, ಇಲ್ಲವೇ ನೀರನ್ನಾದರೂ ಹಗಲು ಬಿಡಿ. ಎರಡೂ ಆಗದಿದ್ದರೆ, ಮುಂದಿನ ಸಲ ಹಾರ ಹಾಕಿಸಿಕೊಳ್ಳಲು ಬಂದಾಗ ನಮ್ಮ ಮನೆಯ ಒಂದು ತುಂಬಿದ ಕೊಡ ಎತ್ತಿ ಮಾಳಿಗೆಗೆ ಒಯ್ದು ತೋರಿಸಿ.

– ಹೆಸರು ಹಾಕಿದರೆ ಅವ್ವ ಬೈಯುತ್ತಾಳೆ, ವಿಜಯಪುರ