ಕಳ್ಳತನದ ಕತೆಗೆ ಪ್ಯಾರಿಸ್ಸೇ ಬೇಕಾ?

ಮಾನ್ಯ ಸಂಪಾದಕರೇ,

ಪಿಯುಸಿ ಓದುವ ನನ್ನ ಮಗಳು ಈಗ ಒಂದೇ ಬಗೆಯ ಇಂಗ್ಲಿಷ್ ಕಾದಂಬರಿಗಳ ಹಿಂದೆ ಬಿದ್ದಿದ್ದಾಳೆ. ಹಳೇ ಕಾಲದ ಪ್ಯಾರಿಸ್ಸೋ ಲಂಡನ್ನೋ, ಬೇರೆ ಬೇರೆ ಜನಾಂಗದ ಐದಾರು ಹುಡುಗ ಹುಡುಗಿಯರು, ಸ್ವಲ್ಪ ಮಾಯಮಂತ್ರ, ಬಿಗಿ ಕಾವಲಿನಲ್ಲಿರುವ ಏನನ್ನೋ ಎಗರಿಸುವುದು. ಅವಳು ಮಲಗಿದ ಮೇಲೆ ನಾನೂ ಒಂದನ್ನು ಹಿಡಿದೆ. ಸುಳ್ಳು ಯಾಕೆ ಹೇಳಲಿ, ರಾತ್ರಿ ಎರಡಾದರೂ ಕೆಳಗಿಡಲು ಆಗಲಿಲ್ಲ. ಮುಗಿಸಿದಾಗ ಹೊಟ್ಟೆ ಉರಿಯಿತು. ನಮ್ಮ ಕರಾವಳಿಯ ಮೇಲೆ ಕನ್ನಡದಲ್ಲಿ ಇಂಥದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಕದಿಯುವ ವಸ್ತುವನ್ನು ನಾನೇ ಹೇಳುತ್ತೇನೆ. ಕಾರ್ತಾಜ್! ಪೋರ್ಚುಗೀಸರು ಹಣ ತೆಗೆದುಕೊಂಡು ಕೊಡುತ್ತಿದ್ದ ಕಡಲ ಪಾಸು ಅದು. ಅದಿಲ್ಲದೆ ಹೊರಟ ಹಡಗು ಅವರಿಗೆ ಸಿಕ್ಕರೆ ಸರಕೂ ಹೋಯಿತು, ಹಡಗೂ ಹೋಯಿತು. 1568ರಲ್ಲಿ ಅವರು ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ಹೊಳೆಯಾಚೆ ಉಳ್ಳಾಲದಲ್ಲಿ ಅವರಿಗೆ ತಲೆಬಾಗದ, ಚೌಟ ಮನೆತನದ ರಾಣಿ. ಆ ಕೋಟೆಯೊಳಗಿಂದ ಮೊಹರು ಬಿದ್ದ ಒಂದು ಕಾಗದ ಹಾರಿಸಿದರೆ ಕಾಳುಮೆಣಸಿನ ಹಡಗು ಅರಬ್ ದೇಶಕ್ಕೆ ಹೊರಟ ಹಾಗೆ.

ತಂಡ ಹುಡುಕಿಕೊಂಡು ಹೋಗಬೇಕಾ? ಹೊಳೆ ಕಡಲು ಸೇರುವ ಅಳಿವೆಯ ಸುಳಿ ಗೊತ್ತಿರುವ, ಮೀನುಗಾರರಾದ ಮೊಗವೀರರ ಹುಡುಗಿ, ವ್ಯಾಪಾರದ ಲೆಕ್ಕ ಬರೆಯುವ, ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಹುಡುಗ, ಗೋವೆಯಿಂದ ಬಂದ, ಪೋರ್ಚುಗೀಸ್ ಓದಬಲ್ಲ ಕೊಂಕಣಿ ಕ್ರೈಸ್ತ ಹುಡುಗ, ಬೀಗ ಬಿಚ್ಚಲು ಮೂಡುಬಿದಿರೆಯ ಕಂಚುಗಾರನ ಮಗಳು. ಇಂಗ್ಲಿಷ್ ಪುಸ್ತಕಗಳಲ್ಲಿ ಒಮ್ಮೊಮ್ಮೆ ಇಂಥ ತಂಡ ಲೆಕ್ಕಭರ್ತಿಗೆ ಸೇರಿಸಿದ ಹಾಗೆ ಕಾಣುತ್ತದೆ. ಇಲ್ಲಿ ಆ ಕಷ್ಟವೇ ಇಲ್ಲ, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ತುಳು, ಬ್ಯಾರಿ, ಕೊಂಕಣಿ ಎಲ್ಲ ಕಿವಿಗೆ ಬೀಳುತ್ತದೆ ಅಲ್ವಾ?

ಒಂದು ಮಾತು. ಮಾಯಮಂತ್ರ ಬೇಕು ಅಂತ ದೈವಗಳನ್ನು ಎಳೆದು ತರಬೇಡಿ. ದೈವಕ್ಕೆ ನಡೆಸುವ ನೇಮದ ಆರಾಧನೆಯಲ್ಲಿ ಕೈಮುಗಿದು ನಿಲ್ಲುವವರಿಗೆ ಅದು ಕಟ್ಟುಕತೆ ಅಲ್ಲ. ಮಾಯೆ ಕಡಲಿನದ್ದೇ ಇರಲಿ. ನಕಲಿ ಕಾಗದದ ಶಾಯಿ ಅಳಿವೆ ದಾಟಿದ ಕೂಡಲೇ ಅಳಿಸಿಹೋಗುತ್ತದೆ ಅಂತ ಇಟ್ಟುಕೊಳ್ಳಿ, ಆಗ ಅಸಲಿಯನ್ನೇ ಕದಿಯಬೇಕಾಗುತ್ತದೆ. ರಾಣಿಯನ್ನೂ ಸುಮ್ನೆ ಕುದುರೆ ಹತ್ತಿಸಿ ಕತ್ತಿ ಹಿಡಿಸಬೇಡಿ. 1623ರಲ್ಲಿ ಬಂದ ಇಟಲಿಯ ಪಿಯೆತ್ರೊ ದೆಲ್ಲ ವಾಲೆ ಕಂಡ ಉಳ್ಳಾಲದ ರಾಣಿ ಬರಿಗಾಲಲ್ಲಿ, ಸಾದಾ ಬಿಳಿ ಬಟ್ಟೆಯಲ್ಲಿ ಕಾಲುವೆ ತೋಡಿಸುವ ಕೆಲಸ ನೋಡಿಕೊಳ್ಳುತ್ತಿದ್ದಳು. ಅದಕ್ಕಿಂತ ಒಳ್ಳೆ ಪಾತ್ರ ಬೇಕಾ?

ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಕೊಟ್ಟು ಇಂಥದ್ದೊಂದು ಧಾರಾವಾಹಿ ಬರೆಸಿ. ಓದುತ್ತೀಯಾ ಅಂತ ಮಗಳನ್ನು ಕೇಳಿದೆ. ತುಳು ಬೈಗುಳ ಇದ್ದರೆ ಓದುತ್ತೇನೆ ಅಂದಳು.

– ಒಬ್ಬ ಓದುಗಿ, ಮಂಗಳೂರು