ಹಲ್ಲು ಮುರಿದವನಿಗೂ ತೊಡೆ ಮುರಿದವನಿಗೂ ಒಂದೇ ಪದವೇ?

ಮಂಡ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರೂ ಆದ ತಮಗೆ ಬಹಿರಂಗ ಪತ್ರ

ಮಾನ್ಯರೇ,

ಬೈಕಿನಿಂದ ಬಿದ್ದು ಮುಂದಿನ ಹಲ್ಲು ಮುರಿದುಕೊಂಡವನು ಒಬ್ಬ. ತೊಡೆಮೂಳೆ ಮುರಿದು, ಮೂರು ಪಕ್ಕೆಲುಬು ಬಿರಿದು, ಹೊಟ್ಟೆಯೊಳಗಿನ ಗುಲ್ಮ (ಸ್ಪ್ಲೀನ್) ತುಸು ಸೀಳಿದವನು ಇನ್ನೊಬ್ಬ. ಆಸ್ಪತ್ರೆ ಕೊಡುವ ಗಾಯದ ಪ್ರಮಾಣಪತ್ರದಲ್ಲಿ, ಅಂದರೆ ವುಂಡ್ ಸರ್ಟಿಫಿಕೇಟಿನಲ್ಲಿ, ಇಬ್ಬರೂ 'ಗ್ರೀವಿಯಸ್', ತೀವ್ರ ಗಾಯದವರು. ಪೊಲೀಸರ ತಪ್ಪೇನೂ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನ ಪ್ರಕಾರ ಹಲ್ಲು ಮುರಿದರೂ ತೀವ್ರ ಗಾಯವೇ. ಮೊಕದ್ದಮೆಗೆ ಅಷ್ಟು ಸಾಕು. ತೊಡಕಿರುವುದು ಬ್ಲಾಕ್ ಸ್ಪಾಟ್, ಅಂದರೆ ಪದೇ ಪದೇ ಅಪಘಾತವಾಗುವ ಜಾಗ, ಗುರುತಿಸುವಲ್ಲಿ: ಸುಮಾರು 500 ಮೀಟರ್ ರಸ್ತೆಯಲ್ಲಿ ಮೂರು ವರ್ಷಕ್ಕೆ ಸಾವು ಅಥವಾ ಗ್ರೀವಿಯಸ್ ಗಾಯದ 5 ಅಪಘಾತ, ಇಲ್ಲವೇ 10 ಸಾವು. ಐದು ಹಲ್ಲು ಹೋದ ತಿರುವೂ ಐದು ಸೊಂಟ ಹೋದ ತಿರುವೂ ಪಟ್ಟಿಯಲ್ಲಿ ಸರಿಸಮ.

ವೈದ್ಯರ ಅಳತೆಗೋಲು ಬೇರೆ ಇದೆ. ಎಐಎಸ್ ಎಂಬ ಗಾಯದ ತೀವ್ರತೆಯ ಮಾಪಕ ಪ್ರತಿ ಗಾಯಕ್ಕೂ 1ರಿಂದ 6ರವರೆಗೆ ಅಂಕ ಕೊಡುತ್ತದೆ. 1974ರಲ್ಲಿ ಬಂದ ಐಎಸ್‌ಎಸ್, ಅಂದರೆ ಇಡೀ ದೇಹದ ಗಾಯಗಳ ಒಟ್ಟು ಅಂಕ, ದೇಹವನ್ನು ಆರು ಭಾಗ ಮಾಡಿ, ಹೆಚ್ಚು ಪೆಟ್ಟಾದ ಮೂರು ಭಾಗಗಳಿಂದ ದೊಡ್ಡ ಅಂಕವೊಂದೊಂದನ್ನು ತೆಗೆದು, ಪ್ರತಿಯೊಂದನ್ನೂ ಅದರಿಂದಲೇ ಗುಣಿಸಿ ಕೂಡುತ್ತದೆ. ಎರಡನೆಯವನಿಗೆ ತೊಡೆ 3, ಎದೆ 3, ಹೊಟ್ಟೆ 2; ಅಂದರೆ 9+9+4=22. ಹಲ್ಲಿನವನಿಗೆ 1. ಹದಿನೈದು ದಾಟಿದರೆ ಭಾರೀ ಆಘಾತ, ಗರಿಷ್ಠ 75. ಎರಡೂ ತೊಡೆ ಮುರಿದರೂ ಒಂದೇ ಲೆಕ್ಕಕ್ಕೆ ಬರುವುದು ಇದರ ಕೊರತೆ, ಒಪ್ಪುತ್ತೇವೆ. ಲೆಕ್ಕ ತಪ್ಪಿದ್ದನ್ನು ಹಿಡಿಯಲು ಒಂದು ಸುಲಭ ಗುರುತೂ ಉಂಟು: 7, 15, 23 ಈ ಕೂಡಿಕೆಯಲ್ಲಿ ಬರಲು ಸಾಧ್ಯವೇ ಇಲ್ಲ. ರಿಜಿಸ್ಟರಿನಲ್ಲಿ ಕಂಡರೆ ಯಾರೋ ಅಂದಾಜಿನಲ್ಲಿ ಬರೆದಿದ್ದಾರೆ.

ಅಂಕ ಕೆಡುವುದು ಹೆಚ್ಚಾಗಿ ಅವಸರದಿಂದ. ಸಿಟಿ ಸ್ಕ್ಯಾನ್ ಆಗುವ ಮೊದಲೇ ಕ್ಯಾಶುವಾಲ್ಟಿಯಲ್ಲಿ ಹಾಕಿದ ಅಂಕದಲ್ಲಿ ಗುಲ್ಮ ತಪ್ಪಿಹೋಗುತ್ತದೆ. ಸ್ಕ್ಯಾನ್, ಆಪರೇಷನ್ ಇಲ್ಲವೇ ಪೋಸ್ಟ್‌ಮಾರ್ಟಂ ನೋಡಿಯೇ ಹಾಕಬೇಕು. 'ಮಲ್ಟಿಪಲ್ ಇಂಜುರೀಸ್' ಎಂದಷ್ಟೇ ಬರೆದ ಡಿಸ್ಚಾರ್ಜ್ ಸಮ್ಮರಿಗೆ ಅಂಕ ಹಾಕಲು ಬರುವುದಿಲ್ಲ. ಎಷ್ಟು ಪಕ್ಕೆಲುಬು, ಯಾವ ಕಡೆ, ಎಲ್ಲ ಬೇಕು. ತಲೆಪೆಟ್ಟಿಗೆ ಜಿಸಿಎಸ್ (ಪ್ರಜ್ಞೆಯ ಮಟ್ಟದ ಅಂಕ) 9 ಎಂದರೂ ಸಾಲದು. ಕಣ್ಣು, ಮಾತು, ಚಲನೆ ಬಿಡಿಬಿಡಿಯಾಗಿ ಬರೆದಿರಬೇಕು, ಗಂಟಲಿಗೆ ಟ್ಯೂಬ್ ಹಾಕಿದ ಮೇಲೆ ಮಾತಿನ ಅಂಕವೇ ಸಿಗದು.

ಮಂಡ್ಯದಿಂದ ಮೈಸೂರಿಗೋ ಬೆಂಗಳೂರಿಗೋ ಕಳಿಸಿದ ಗಾಯಾಳುವಿನ ಕಡತ ಅಲ್ಲಿಗೇ ತುಂಡಾಗುತ್ತದೆ. 30 ದಿನದೊಳಗೆ ತೀರಿಕೊಂಡರೆ ಅದು ಅಪಘಾತದ ಸಾವೆಂದೇ ಲೆಕ್ಕ. ಸುದ್ದಿ ಠಾಣೆಗೆ ಮುಟ್ಟಬೇಕಲ್ಲ! ರೆಫರಲ್ ಚೀಟಿಯ ಮೇಲೆಯೇ ಇ-ಡಾರ್ (ಅಪಘಾತಗಳ ಸರ್ಕಾರಿ ಆನ್‌ಲೈನ್ ದಾಖಲೆ) ಅಪಘಾತ ಸಂಖ್ಯೆ ಬರೆದು ಕಳಿಸುವಂತೆ ಆದೇಶಿಸಿ.

ಕಾನೂನು ಬದಲಿಸಲು ಕೇಳುತ್ತಿಲ್ಲ. ಸಮಿತಿಯ ಮುಂದಿನ ಸಭೆಯ ಬ್ಲಾಕ್ ಸ್ಪಾಟ್ ಪಟ್ಟಿಗೆ ಒಂದು ಕಾಲಂ ಸೇರಿಸಿ: ಆ ಜಾಗದಲ್ಲಿ ಐಎಸ್‌ಎಸ್ 15 ದಾಟಿದವರು ಎಷ್ಟು.

ಇಂತಿ,
ಜಿಲ್ಲೆಯ ಅಪಘಾತ ಚಿಕಿತ್ಸೆಯಲ್ಲಿ ತೊಡಗಿರುವವರು