ಪಂಚಾಯ್ತಿಯಿಂದ ವಿಧಾನಸೌಧಕ್ಕೆ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಗ್ರಾಮ ಪಂಚಾಯ್ತಿ ಮೆಂಬರ್ ಆಗಿ ಒಂದು ಅವಧಿ ಮುಗಿಸುವ ಹೊತ್ತಿಗೇ ಎಂಎಲ್‌ಎ ಆಸೆ ಹುಟ್ಟಿದೆ ಎಂದು ಬರೆದಿದ್ದೀಯ. ಒಳ್ಳೆಯದೇ ಆಯಿತು. ಯಡಿಯೂರಪ್ಪನವರು 1975ರಲ್ಲಿ ಶಿಕಾರಿಪುರ ಪುರಸಭೆಗೆ ಆಯ್ಕೆಯಾದವರು, ಸಿದ್ದರಾಮಯ್ಯನವರು ಮೈಸೂರು ತಾಲ್ಲೂಕು ಬೋರ್ಡ್‌ನಲ್ಲಿದ್ದವರು. ಇಬ್ಬರೂ ಮೊದಲ ಸಲ ಶಾಸಕರಾದದ್ದು 1983ರ ಒಂದೇ ಚುನಾವಣೆಯಲ್ಲಿ.

ಆದರೆ ಈಗಿನ ಅವಧಿಯನ್ನು ಹಾಗೇ ಕಳೆಯಬೇಡ. ಕ್ರಿಯಾ ಯೋಜನೆ, ಎಸ್ಟಿಮೇಟ್, ಎಂ.ಬಿ. (ಕೆಲಸದ ಅಳತೆ ಬರೆಯುವ ಪುಸ್ತಕ), ಬಿಲ್ – ಈ ನಾಲ್ಕು ಕಾಗದ ಓದಲು ಬಂದರೆ ಸರ್ಕಾರದ ದುಡ್ಡು ಹೇಗೆ ಓಡಾಡುತ್ತದೆ ಎಂಬುದು ಅರ್ಥವಾಗುತ್ತದೆ. ಚರಂಡಿ ಕೆಲಸವನ್ನೇ ನೋಡು. ಎಸ್ಟಿಮೇಟ್‌ನಲ್ಲಿ 100 ಮೀಟರ್ ಇರುತ್ತದೆ, ಸ್ಥಳದಲ್ಲಿ 80ಕ್ಕೇ ನಿಂತಿರುತ್ತದೆ. ಆ 20 ಮೀಟರ್ ಹೋದದ್ದು ಹಾಗಿರಲಿ, ನೀರು ಹೊರಹೋಗುವ ದಾರಿಯೇ ಇಲ್ಲದೆ ಮಳೆಗಾಲದಲ್ಲಿ ಕೊನೆಯ ಮನೆಯ ಬಾಗಿಲಿಗೆ ಕೊಳಚೆ ಬಂದು ನಿಲ್ಲುತ್ತದೆ. ಎಂಜಿನಿಯರ್ ಎಂ.ಬಿ.ಯಲ್ಲಿ ಅಳತೆ ಬರೆಯುವ ದಿನವೇ ನೀನು ಟೇಪ್ ಹಿಡಿದು ಅಲ್ಲಿರಬೇಕು. ಬಿಲ್ ಪಾಸಾದ ಮೇಲೆ ಕೂಗಾಡಿ ಏನೂ ಸಿಗುವುದಿಲ್ಲ.

ಮೇಲೆ ಹೋದವರು ಎಡವುವುದು ಇನ್ನೊಂದು ಕಡೆ. ಪಂಚಾಯ್ತಿಯಲ್ಲಿ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಜೊತೆ ಅಧ್ಯಕ್ಷರ ಸಹಿಯೂ ಬಿದ್ದರೆ ಹಣ ಹೊರಡುತ್ತದೆ. ಶಾಸಕರಿಗೆ ಆ ಸಹಿಯ ಅಧಿಕಾರ ಇಲ್ಲ. ಶಾಸಕರ ನಿಧಿ ಎಂದು ವರ್ಷಕ್ಕೆ 2 ಕೋಟಿ ಇದೆ, ನಿಜ. ಅದರಲ್ಲೂ ಅವರು ಕಾಮಗಾರಿ ಶಿಫಾರಸು ಮಾಡಬಹುದು, ಅಷ್ಟೇ. ಇಡೀ ಕ್ಷೇತ್ರಕ್ಕೆ ಹಂಚಿದರೆ ಅದು ಎಲ್ಲಿಗೂ ಸಾಲದು. ಅವರ ನಿಜವಾದ ಬಲ ಇಲಾಖೆಗಳ ಕೆಲಸ ಪರಿಶೀಲಿಸುವ ತಾಲ್ಲೂಕು ಕೆಡಿಪಿ ಸಭೆಯಲ್ಲಿ, ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಸದನದಲ್ಲಿ. ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಮಂತ್ರಿಗಳು ಎದ್ದು ನಿಂತು ಉತ್ತರ ಕೊಡಬೇಕು, ಉಪಪ್ರಶ್ನೆಗೂ ಅವಕಾಶವಿದೆ. ಸದನದ ನಿಯಮ 73ರಡಿ ಸರ್ಕಾರದ ಗಮನ ಸೆಳೆಯಬಹುದು, ನಿಯಮ 69ರಡಿ ಚರ್ಚೆ ಕೇಳಬಹುದು. ಇದನ್ನೆಲ್ಲ ಬಿಟ್ಟು ಐದು ವರ್ಷವೂ ಬೀದಿ ದೀಪ, ಬೋರ್‌ವೆಲ್ ಎಂದೇ ಓಡಾಡುವ ಶಾಸಕರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದು ಪಂಚಾಯ್ತಿಯ ಕೆಲಸ. ಶಾಸಕರೇ ಅದನ್ನು ಕಿತ್ತುಕೊಂಡರೆ ಪಂಚಾಯ್ತಿಯೂ ಸೊರಗುತ್ತದೆ, ಸದನವೂ ಸೊರಗುತ್ತದೆ.

ವಿಧಾನ ಪರಿಷತ್ತಿನ ದಾರಿಯೂ ಗೊತ್ತಿರಲಿ. 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಕ್ಷೇತ್ರದವು. ಅಲ್ಲಿ ನೀನೂ ಮತದಾರ. ಮತಗಟ್ಟೆಯಲ್ಲಿ ಕೊಟ್ಟ ಪೆನ್ನಿನಿಂದ ನಿನ್ನ ಮೊದಲ ಆಯ್ಕೆಯ ಹೆಸರಿನ ಮುಂದೆ 1 ಎಂದು ಅಂಕಿಯಲ್ಲೇ ಬರೆಯಬೇಕು. ಟಿಕ್ ಹಾಕಿದರೆ, ಜೇಬಿನ ಪೆನ್ನು ತೆಗೆದರೆ ಆ ಮತ ಅಸಿಂಧುವಾದಂತೆಯೇ.

ಇನ್ನು ನಾಮಪತ್ರ. ಪಂಚಾಯ್ತಿಗೆ 21 ವರ್ಷ ಸಾಕಿತ್ತು, ವಿಧಾನಸಭೆಗೆ 25 ತುಂಬಿರಬೇಕು. ಗ್ರಾಮ ಪಂಚಾಯ್ತಿಯಲ್ಲಿ ಪಕ್ಷದ ಚಿಹ್ನೆ ಇರಲಿಲ್ಲ. ಇಲ್ಲಿ ಪಕ್ಷ ತನ್ನ ಅಭ್ಯರ್ಥಿಗೆ ಕೊಡುವ ಬಿ ಫಾರಂ ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಕೈ ಸೇರದಿದ್ದರೆ ಚಿಹ್ನೆ ಕೈಬಿಟ್ಟಿತು ಎಂದೇ ಲೆಕ್ಕ. ಮಾನ್ಯತೆ ಪಡೆದ ಪಕ್ಷದವರಾದರೆ ಸೂಚಕರು (ನಿನ್ನ ಹೆಸರು ಸೂಚಿಸಿ ಸಹಿ ಹಾಕುವವರು) ಒಬ್ಬರು ಸಾಕು, ಪಕ್ಷೇತರರಿಗೆ 10 ಜನ ಬೇಕು, ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ಒಂದಿಬ್ಬರನ್ನು ಹೆಚ್ಚುವರಿಯಾಗಿ ಇಟ್ಟುಕೊಂಡು, ಪ್ರತಿಯೊಬ್ಬರ ಭಾಗ ಸಂಖ್ಯೆ, ಕ್ರಮ ಸಂಖ್ಯೆಯನ್ನು ಮತದಾರರ ಪಟ್ಟಿಯ ಜೊತೆ ತಾಳೆ ನೋಡು. ಠೇವಣಿ 10,000, ಪರಿಶಿಷ್ಟರಿಗೆ 5,000 ರೂಪಾಯಿ. ಆಸ್ತಿ, ಸಾಲ, ಕೇಸುಗಳ ವಿವರ ಕೊಡುವ ನಮೂನೆ 26ರ ಅಫಿಡವಿಟ್‌ನಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡಬೇಡ. ಏನೂ ಇಲ್ಲದಿದ್ದರೆ 'ಇಲ್ಲ' ಎಂದೇ ಬರೆ.

ನಾಮಪತ್ರ ಕೊಟ್ಟ ಖುಷಿಯಲ್ಲಿ ಮೆರವಣಿಗೆಗೆ ಓಡಿ ಅಭ್ಯರ್ಥಿ ಮಾಡಬೇಕಾದ ಪ್ರಮಾಣವಚನ ಮರೆಯುವವರೂ ಇದ್ದಾರೆ. ಪರಿಶೀಲನೆಯ ದಿನಕ್ಕೆ ಮುಂಚೆಯೇ ಅದು ಆಗಿರಬೇಕು, ಇಲ್ಲದಿದ್ದರೆ ನಾಮಪತ್ರವೇ ತಿರಸ್ಕೃತ. ನಾಮಪತ್ರ ಕೊಟ್ಟ ಕೂಡಲೇ ಅಲ್ಲೇ ಪ್ರಮಾಣ ಮಾಡಿ, ಪ್ರಮಾಣಪತ್ರ ಕೈಗೆ ತೆಗೆದುಕೊಂಡೇ ಮೆಟ್ಟಿಲಿಳಿ.

ಮುಂದಿನ ಗ್ರಾಮಸಭೆಯ ನಡಾವಳಿ ಪುಸ್ತಕ ನೋಡಿದ ಮೇಲೆ ಮತ್ತೆ ಬರೆ.

ಇಂತಿ ನಿನ್ನ ಗೆಳೆಯ